ಕ್ಯಾಮೆರಾ ಮೇಲಿದ್ರೆ ಕಳ್ಳನ ಟವೆಲ್ ಕಾಣುತ್ತೆ, ಮುಖ ಕಾಣಲ್ಲ



ಅಡಿಕೆ ಸುಗ್ಗಿ ಹತ್ರ ಬಂತು. ನಮ್ಮ ಚನ್ನಗಿರಿ ಕಡೆ ಈಗ ಯಾರ ಮನೆಗೆ ಹೋದ್ರೂ ಮೊದ್ಲು ರೇಟಿನ ಮಾತು, ಆಮೇಲೆ ಕ್ಯಾಮೆರಾ ಮಾತು. ರಾಶಿ ಅಡಿಕೆ ಕ್ವಿಂಟಲ್ಲಿಗೆ ಅರ್ಧ ಲಕ್ಷ ದಾಟಿ ಮಾರಿದ ಮೇಲೆ ಒಂದು ಚೀಲ ಅಂದ್ರೆ ಒಬ್ಬ ಮನುಷ್ಯನ ಒಂದೆರಡು ತಿಂಗಳ ಸಂಬಳ ಇದ್ದಂಗೆ. ಕಳ್ಳನಿಗೂ ಆ ಲೆಕ್ಕ ಬರುತ್ತೆ. ಹಾಗಾಗಿ ಎಲ್ರೂ ಕ್ಯಾಮೆರಾ ಹಾಕಿಸ್ತಿದ್ದಾರೆ. ಹೋದ ವಾರ ಇಬ್ರು ನಂಗೆ ಫೋನ್ ಮಾಡಿ "ಯಾವ ಕಂಪ್ನಿದು ಹಾಕ್ಸಿದ್ರೆ ಒಳ್ಳೇದು" ಅಂತ ಕೇಳಿದ್ರು. ನಾನು ಅವರಿಗೆ ಹೇಳಿದ್ದೇ ಇಲ್ಲೂ ಬರೀತೀನಿ. ಕಂಪ್ನಿ ಯಾವುದಾದ್ರೂ ಆಗ್ಲಿ, ಅದನ್ನ ಎಲ್ಲಿ ಹೊಡೀತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ. ತಪ್ಪು ಜಾಗಕ್ಕೆ ಹೊಡೆದ ಕ್ಯಾಮೆರಾಕ್ಕಿಂತ ಕ್ಯಾಮೆರಾ ಇಲ್ಲದೇ ಇರೋದು ವಾಸಿ. ಇದು ನನ್ನ ಅಭಿಪ್ರಾಯ. ದುಡ್ಡು ಕೊಟ್ಟು ಕಲಿತಿದ್ದು, ದುಡ್ಡಿಗಿಂತ ದೊಡ್ಡದು ಕಳ್ಕೊಂಡು ಕಲಿತಿದ್ದು.

ಮೊದ್ಲು ನಮ್ಮನೆ ಕಥೆ ಹೇಳಿಬಿಡ್ತೀನಿ. ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ.

ನಮ್ಮನೆ ಊರಿನ ಕೊನೇಲಿ. ಮುಂದೆ ರಸ್ತೆ, ಬಲಕ್ಕೆ ಅಡಿಕೆ ಬೇಯಿಸಿ ಒಣಗಿಸೋ ಕಣ, ಹಿಂದೆ ಕೊಟ್ಟಿಗೆ, ಕೊಟ್ಟಿಗೆ ಪಕ್ಕ ಸಣ್ಣದೊಂದು ಗೋಡೌನು. ತೋಟ ಅಲ್ಲಿಂದ ಅರ್ಧ ಕಿಲೋಮೀಟರ್. ಅಕ್ಕಪಕ್ಕದ ಊರಲ್ಲಿ ಎರಡು ಕಳ್ಳತನ ಆದ್ಮೇಲೆ ಮಗ ಬೆಂಗಳೂರಿಂದ ಹಠ ಹಿಡಿದ. ಸರಿ ಅಂತ ಪೇಟೆಯಿಂದ ಹುಡುಗ್ರನ್ನ ಕರೆಸಿ ನಾಲ್ಕು ಕ್ಯಾಮೆರಾ ಹಾಕಿಸಿದೆ. ಆ ಹುಡುಗ್ರು ಏಣಿ ಹಾಕಿ ಮೊದ್ಲು ಹತ್ತಿದ್ದೇ ಮಾಳಿಗೆ ಮೇಲಿನ ಸಜ್ಜಾಕ್ಕೆ. "ಎತ್ತರದಲ್ಲಿದ್ರೆ ಪೂರ್ತಿ ಕವರ್ ಆಗುತ್ತೆ, ಯಾರಿಗೂ ಕೈಗೆ ಸಿಗಲ್ಲ ಯಜಮಾನ್ರೆ" ಅಂದ್ರು. ಹದಿನೆಂಟು ಅಡಿ ಎತ್ತರ. ಮೊಬೈಲಲ್ಲಿ ನೋಡಿದ್ರೆ ಕಣ, ಗೇಟು, ರಸ್ತೆ, ರಸ್ತೆ ಆಚೆ ಹುಣಸೇಮರ, ಎಲ್ಲಾ ಒಂದೇ ಚಿತ್ರದಲ್ಲಿ. ನಮ್ಮವ್ವಂಗೂ ತೋರಿಸಿದೆ. ನೋಡಿದೋರೆಲ್ಲ ಭಾರಿ ಐತೆ ಅಂದ್ರು. ನಂಗೂ ಭಾರಿ ಅನಿಸ್ತು. ಅವತ್ತಿಂದ ಗೋಡೌನಿನ ಬೀಗ ಬದಲಾಯಿಸಬೇಕು ಅಂದ್ಕೊಂಡಿದ್ದನ್ನೂ ಮರೆತುಬಿಟ್ಟೆ.

ಮುಂದಿನ ಸುಗ್ಗೀಲಿ ಒಂದಿನ ಬೆಳಗ್ಗೆ ಹಾಲು ಕರೆಯೋಕೆ ಹೋದ ನಮ್ಮನೆಯವಳು ಕೂಗಿದ್ಲು. ಗೋಡೌನು ಬೀಗ ಮುರಿದಿತ್ತು. ಮೂರು ಚೀಲ ಹೋಗಿತ್ತು, ಹತ್ರ ಹತ್ರ ಎರಡು ಕ್ವಿಂಟಲ್. ನಾನು ಗಾಬರಿ ಆಗ್ಲಿಲ್ಲ. ಕ್ಯಾಮೆರಾ ಐತಲ್ಲ ಅನ್ನೋ ಧೈರ್ಯ.

ರೆಕಾರ್ಡಿಂಗ್ ನೋಡಿದ್ವಿ. ರಾತ್ರಿ ಎರಡೂವರೆ ಸುಮಾರಿಗೆ ಇಬ್ರು ಬಂದಿದ್ರು. ತಲೆಗೆ ಟವೆಲ್ ಸುತ್ತಿದ್ರು. ಮೇಲಿಂದ ನೋಡಿದ್ರೆ ಎರಡು ಬಿಳೀ ಗುಂಡು ಉರುಳಿಕೊಂಡು ಹೋದಂಗೆ ಕಾಣ್ತಿತ್ತು. ಮುಖ ಇಲ್ಲ. ಎಷ್ಟು ದೊಡ್ಡದು ಮಾಡಿದ್ರೂ ಚೌಕ ಚೌಕ ಕಲೆ, ಅಷ್ಟೇ. ಆದ್ರೆ ಅದ್ರಲ್ಲಿ ಒಬ್ಬ ಒಂದು ಕಾಲು ಸ್ವಲ್ಪ ಎಳೆದಂಗೆ ನಡೀತಿದ್ದ.

ನಮ್ಮಲ್ಲಿ ಹನ್ನೆರಡು ವರ್ಷದಿಂದ ಕೆಲ್ಸಕ್ಕೆ ಬರ್ತಿದ್ದ ಒಬ್ಬನಿದ್ದ. ಅವನೂ ಒಂದು ಕಾಲು ಎಳೀತಾನೆ. ಯಾಕೆ ಎಳೀತಾನೆ ಅಂದ್ರೆ, ನಮ್ಮದೇ ತೋಟದಲ್ಲಿ ಕೊನೆ ತೆಗೆಯುವಾಗ ಮರದಿಂದ ಜಾರಿ ಬಿದ್ದಿದ್ದ. ಅದು ಗೊತ್ತಿದ್ದೂ ನನ್ನ ತಲೇಲಿ ಆ ಹೆಜ್ಜೆಗೂ ಈ ಹೆಜ್ಜೆಗೂ ಗಂಟು ಬಿತ್ತು. ಒಂದ್ಸಲ ಗಂಟು ಬಿದ್ಮೇಲೆ ಆ ವಿಡಿಯೋನ ಹತ್ತು ಸಲ ನೋಡಿದ್ರೂ ಅವನೇ ಕಾಣೋದು. ಅವನ ಎದುರಿಗೆ ನಾನೇನೂ ಹೇಳ್ಲಿಲ್ಲ. ಆದ್ರೆ ನಾಲ್ಕು ಜನಕ್ಕೆ ಮೊಬೈಲಲ್ಲಿ ತೋರಿಸಿ "ಯಾರ ಥರ ಕಾಣ್ತದೆ ನೋಡ್ರಿ" ಅಂದೆ. ಹಂಗೆ ಕೇಳೋದೂ ಒಂದೇ, ಹೆಸರು ಹೇಳೋದೂ ಒಂದೇ. ಮೂರನೇ ದಿನ ಅವನು ಕೆಲ್ಸಕ್ಕೆ ಬರೋದು ನಿಲ್ಲಿಸಿದ.

ಎರಡು ತಿಂಗಳಾದ್ಮೇಲೆ ಬೇರೆ ತಾಲ್ಲೂಕಿನ ಪೊಲೀಸರು ಒಂದು ಗೂಡ್ಸ್ ಗಾಡಿ ಸಮೇತ ಒಂದು ಗುಂಪು ಹಿಡಿದ್ರು. ನಮ್ಮ ಮೂರು ಚೀಲಾನೂ ಅವರದೇ ಲೆಕ್ಕದಲ್ಲಿತ್ತು. ಕಾಲು ಎಳೀತಿದ್ದೋನಿಗೆ ಕಾಲು ಚೆನ್ನಾಗೇ ಇತ್ತು. ಒಂದೇ ಹೆಗಲಿಗೆ ಭಾರದ ಚೀಲ ಹೊತ್ತಿದ್ರೆ ಯಾರಾದ್ರೂ ಹಾಗೇ ನಡೀತಾರೆ. ಮೂವತ್ತು ವರ್ಷ ಚೀಲ ಹೊತ್ತ ನಂಗೆ ಅದು ಹೊಳೀಲಿಲ್ಲ ನೋಡ್ರಿ.

ಅವನ ಮನೆಗೆ ಹೋದೆ. ತಪ್ಪಾಯ್ತಪ್ಪ ಅಂದೆ. ಅವನು ಕೂಗಾಡಲಿಲ್ಲ. "ಮುಖ ಕಂಡಿತ್ತಾ ಯಜಮಾನ್ರೆ?" ಅಂತ ಒಂದೇ ಮಾತು ಕೇಳಿದ. ಇಲ್ಲ ಅಂದೆ. ಅವನ ಹೆಂಡ್ತಿ ಟೀ ತಂದುಕೊಟ್ಲು. ಕುಡಿದು ಬಂದೆ. ಈಗ ಅವನು ಬೇರೆಯವರ ತೋಟಕ್ಕೆ ಹೋಗ್ತಾನೆ. ಎದುರಿಗೆ ಸಿಕ್ಕಿದ್ರೆ ನಮಸ್ಕಾರ ಅಂತಾನೆ, ಅಷ್ಟೇ.

ಹಾಗಾಗಿ ಈ ಮಾತು ಹೇಳ್ತಿರೋದು. ಮಸುಕು ಚಿತ್ರದಲ್ಲಿ ಕಳ್ಳ ಕಾಣಲ್ಲ. ನಮ್ಮ ತಲೇಲಿ ಮೊದ್ಲೇ ಇದ್ದ ಅನುಮಾನ ಕಾಣುತ್ತೆ. ಕ್ಯಾಮೆರಾ ಇಲ್ಲದಿದ್ರೆ "ಯಾರೋ ಗೊತ್ತಿಲ್ಲ" ಅಂತ ಸುಮ್ನಿರ್ತಿದ್ದೆ. ಕ್ಯಾಮೆರಾ ಇದ್ದಿದ್ದಕ್ಕೆ ಒಬ್ಬ ಒಳ್ಳೇ ಮನುಷ್ಯನ್ನ ಕಳ್ಕೊಂಡೆ.

ಈಗ ಕೆಲ್ಸದ ವಿಷ್ಯಕ್ಕೆ ಬರ್ತೀನಿ.

ಎತ್ತರದ ಲೆಕ್ಕ

ಮನುಷ್ಯನ ಮುಖ ನೆಲದಿಂದ ಐದು, ಐದೂವರೆ ಅಡಿ ಎತ್ತರದಲ್ಲಿರುತ್ತೆ. ಹದಿನೆಂಟು ಅಡಿ ಮೇಲಿಂದ ನೋಡಿದ್ರೆ ಹತ್ರ ಬಂದವನ ನೆತ್ತಿ ಕಾಣುತ್ತೆ. ದೂರ ಇದ್ದವನ ಮುಖ ಕಾಣೋ ಕೋನಕ್ಕೆ ಬಂದ್ರೂ ಅಷ್ಟೊತ್ತಿಗೆ ಅವನು ಚುಕ್ಕಿಯಷ್ಟು ಸಣ್ಣ ಆಗಿರ್ತಾನೆ. ಟೋಪಿಯೋ ಟವೆಲ್ಲೋ ಇದ್ರಂತೂ ಮುಗೀತು.

ಮುಖ ಹಿಡೀಬೇಕಾದ ಕ್ಯಾಮೆರಾ ಎಂಟರಿಂದ ಒಂಬತ್ತು ಅಡಿ ಎತ್ತರದಲ್ಲಿರಲಿ. ನಾನು ಇಟ್ಕೊಂಡಿರೋ ಸುಲಭ ಲೆಕ್ಕ ಇದು. ಕ್ಯಾಮೆರಾ ಮುಖಕ್ಕಿಂತ ಒಂದು ಅಡಿ ಮೇಲಿದ್ರೆ ಮನುಷ್ಯ ಮೂರು ಅಡಿ ದೂರ ಇರಬೇಕು. ಮೂರು ಅಡಿ ಮೇಲಿದ್ರೆ ಒಂಬತ್ತು ಹತ್ತು ಅಡಿ ದೂರ. ಹಂಗಿದ್ರೆ ಟವೆಲ್ ಕೆಳಗಿನ ಮುಖಾನೂ ಸುಮಾರಾಗಿ ಕಾಣುತ್ತೆ.

"ಅಷ್ಟು ಕೆಳಗಿದ್ರೆ ಒಡೆದು ಹಾಕಲ್ವಾ" ಅಂತ ಕೇಳ್ತೀರಿ. ಒಡೀಬಹುದು. ಆದ್ರೆ ಒಡೆಯೋಕೆ ಹತ್ರ ಬಂದಾಗ ಅವನ ಮುಖ ಅಷ್ಟೊತ್ತಿಗೆ ಒಳಗೆ ರೆಕಾರ್ಡ್ ಆಗಿರುತ್ತೆ. ಇನ್ನೊಂದು ಏನಂದ್ರೆ, ಒಂದು ಕ್ಯಾಮೆರಾ ಇನ್ನೊಂದನ್ನ ನೋಡೋ ಹಾಗಿರಲಿ. ನಮ್ಮಲ್ಲಿ ಈಗ ಗೇಟಿನದು ಬಾಗಿಲಿನ ಕ್ಯಾಮೆರಾನ ನೋಡುತ್ತೆ, ಬಾಗಿಲಿನದು ಗೇಟಿನ ಕ್ಯಾಮೆರಾನ ನೋಡುತ್ತೆ.

ಅಗಲದ ಲೆಕ್ಕ

ಇದು ಮಗ ಹೇಳಿಕೊಟ್ಟಿದ್ದು. ನಾನು ಎಸ್ಸೆಸ್ಸೆಲ್ಸಿ ಅಷ್ಟೇ, ಆದ್ರೂ ತಿಳೀತು, ನಿಮಗೂ ತಿಳಿಯುತ್ತೆ.

ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಅಂದ್ರೆ ಚಿತ್ರದ ಅಡ್ಡಕ್ಕೆ 1920 ಚುಕ್ಕಿ ಇರುತ್ತೆ. ಈ ಕೆಲ್ಸದ ಇಂಜಿನಿಯರುಗಳು ಐಇಸಿ 62676-4 ಅನ್ನೋ ಮಾನಕದ ಲೆಕ್ಕ ಬಳಸ್ತಾ ಬಂದಿದ್ದಾರೆ. ಅಲ್ಲಿ ಯಾರೋ ಇದ್ದಾರೆ ಅಂತ ತಿಳಿಯೋಕೆ ಒಂದು ಮೀಟರ್ ಅಗಲಕ್ಕೆ 25 ಚುಕ್ಕಿ ಸಾಕು. ನಮಗೆ ಮೊದ್ಲೇ ಗೊತ್ತಿರೋನೇ ಹೌದಾ ಅಲ್ವಾ ಅಂತ ಹೇಳೋಕೆ 125 ಬೇಕು. ಗೊತ್ತಿಲ್ಲದ ಮನುಷ್ಯನ್ನ ಇವನೇ ಅಂತ ಖಚಿತವಾಗಿ ಗುರುತಿಸೋಕೆ 250 ಬೇಕು.

ಈಗ ಭಾಗಾಕಾರ ಮಾಡ್ರಿ. 1920ನ್ನ 250ರಿಂದ ಭಾಗಿಸಿದ್ರೆ ಏಳೂವರೆ ಮೀಟರ್ ಚಿಲ್ಲರೆ, ಅಂದ್ರೆ ಇಪ್ಪತ್ತೈದು ಅಡಿ. ಒಂದು ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಇಪ್ಪತ್ತೈದು ಅಡಿ ಅಗಲಕ್ಕಿಂತ ಜಾಸ್ತಿ ಜಾಗ ತೋರಿಸ್ತಿದ್ರೆ ಅದ್ರಿಂದ ಮುಖದ ಗುರುತು ನಂಬೋ ಹಾಗಿಲ್ಲ. ನಂದು ಎಂಬತ್ತು ಅಡಿ ಅಗಲ ತೋರಿಸ್ತಿತ್ತು. ಮೀಟರಿಗೆ ಎಂಬತ್ತು ಚುಕ್ಕಿ ಕೂಡ ಬರಲ್ಲ. ಅದೂ ಹಗಲಿನ ಲೆಕ್ಕ. ರಾತ್ರಿ ಇನ್ನೂ ಕಮ್ಮಿ. "ಪೂರ್ತಿ ಕವರ್ ಆಗುತ್ತೆ" ಅಂದಾಗ ನಾವು ಖುಷಿ ಪಡ್ತೀವಿ. ಆದ್ರೆ ಅಲ್ಲಿರೋ ಚುಕ್ಕಿ ಅಷ್ಟೇ. ಅಗಲಕ್ಕೆ ಹಂಚಿದಷ್ಟೂ ಮುಖಕ್ಕೆ ಕಮ್ಮಿ. ಒಂದೇ ಕಾಲುವೆ ನೀರನ್ನ ಹತ್ತು ಎಕರೆಗೆ ಹರಿಸಿದ್ರೆ ಮರದ ಬುಡ ನೆನೆಯುತ್ತಾ, ಹಂಗೆ.

ಲೆನ್ಸಿನ ಮೇಲೆ 2.8 ಎಂಎಂ, 4 ಎಂಎಂ, 6 ಎಂಎಂ ಅಂತ ನಂಬರ್ ಇರುತ್ತೆ. ನಂಬರ್ ಸಣ್ಣದಿದ್ದಷ್ಟೂ ಅಗಲ ಜಾಸ್ತಿ ಕಾಣುತ್ತೆ, ದೂರದ ಮುಖ ಸಣ್ಣ ಆಗುತ್ತೆ. ಸಾಮಾನ್ಯ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮುಖದ ಖಚಿತ ಗುರುತು ಸಿಗೋದು 2.8ರಲ್ಲಿ ಸುಮಾರು ಹತ್ತು ಅಡಿ ದೂರದವರೆಗೆ, 4ರಲ್ಲಿ ಹದಿನಾಲ್ಕು ಅಡಿ ಹತ್ರ, 6ರಲ್ಲಿ ಇಪ್ಪತ್ತೈದು ಅಡಿ ಆಸುಪಾಸು. ಗೇಟು ಮನೆಯಿಂದ ದೂರ ಇದ್ರೆ 6 ಎಂಎಂ ಕೇಳ್ರಿ, ಇಲ್ಲಾ ಗೇಟಿನ ಕಂಬಕ್ಕೇ ಕ್ಯಾಮೆರಾ ಹೊಡೀರಿ. ಅಂಗಡಿಯವರು ನಾವು ಕೇಳದಿದ್ರೆ ಎಲ್ಲಾ ಕಡೆ ಒಂದೇ ನಂಬರಿಂದು ಹಾಕಿ ಹೋಗ್ತಾರೆ.

ಹಾಗಂತ ಅಗಲದ ಕ್ಯಾಮೆರಾ ಬೇಡ್ವೇ ಬೇಡ ಅಂತ ಅಲ್ಲ. ಒಂದಿರಲಿ. ಎಲ್ಲಿಂದ ಬಂದ್ರು, ಎಷ್ಟು ಜನ, ಎತ್ತ ಹೋದ್ರು ಅಂತ ಅದು ಹೇಳುತ್ತೆ. ಯಾರು ಅಂತ ಹೇಳೋ ಕೆಲ್ಸ ಹತ್ರದ ಕ್ಯಾಮೆರಾದ್ದು. ಎರಡು ಕೆಲ್ಸಕ್ಕೆ ಎರಡು ಬೇಕು.

ಎಲ್ಲೆಲ್ಲಿ ಹಾಕಬೇಕು

ಕಳ್ಳನಿಗೆ ಕಣ ಎಲ್ಲಾ ಕಡೆಯಿಂದ ಬಯಲು. ಆದ್ರೆ ಚೀಲ ಹೊತ್ಕೊಂಡು ಹೋಗೋಕೆ ದಾರಿ ಒಂದೋ ಎರಡೋ ಇರುತ್ತೆ. ಖಾಲಿ ಕೈಯಲ್ಲಿ ಬೇಲಿ ಹಾರಿ ಬಂದವನೂ ಎಪ್ಪತ್ತು ಕೆಜಿ ಹೊತ್ಕೊಂಡು ಬೇಲಿ ಹಾರಲ್ಲ. ಗೇಟಿಗೋ, ಹಿತ್ತಲ ದಾರಿಗೋ ಬರ್ಲೇಬೇಕು. ಆ ಬಾಯಿಗೆ ಕ್ಯಾಮೆರಾ ಇಡ್ರಿ. ಮಾಲಿನ ಕಡೆ ತಿರುಗಿಸಿದ್ರೆ ಅವನ ಬೆನ್ನು ಕಾಣುತ್ತೆ. ದಾರಿ ಕಡೆ ತಿರುಗಿಸಿದ್ರೆ ಮುಖ ಕಾಣುತ್ತೆ.

ನಮ್ಮನೇಲಿ ಈಗ ಹೀಗಿದೆ.

ಒಂದನೇದು ಗೇಟಿನ ಕಂಬದ ಹತ್ರ, ಒಂಬತ್ತು ಅಡಿ ಎತ್ತರದಲ್ಲಿ. ಒಳಗೆ ಬರೋರ ಮುಖಾನೂ ಗಾಡಿ ನಂಬರೂ ಒಂದೇ ಕ್ಯಾಮೆರಾದಲ್ಲಿ ರಾತ್ರಿ ಸಿಗಲ್ಲ, ಹೆಡ್‌ಲೈಟ್ ಬೆಳಕಿಗೆ ಬೆಳ್ಳಗಾಗುತ್ತೆ. ಹಾಗಾಗಿ ಅದನ್ನ ರಸ್ತೆಗೆ ನೇರ ಇಡದೆ ಗೇಟಿಗೆ ಓರೆಯಾಗಿ ಇಟ್ಟಿದ್ದೀನಿ.

ಎರಡನೇದು ಮುಂದಿನ ಬಾಗಿಲಿಗೆ, ಜಗಲಿ ಮೇಲೆ. ಇದನ್ನ ಮನೆ ಒಳಗಿಂದ ಬಾಗಿಲ ಕಡೆ ತಿರುಗಿಸಿ ಇಡಬೇಡ್ರಿ. ಹೊರಗಿನ ಬೆಳಕಿಗೆ ಬಂದವರ ಮುಖ ಕರ್ರಗೆ ಕಾಣುತ್ತೆ.

ಮೂರನೇದು ಹಿತ್ತಲ ಬಾಗಿಲು ಮತ್ತು ಗೋಡೌನು ಬಾಗಿಲು ಎರಡೂ ಸಿಗೋ ಮೂಲೇಲಿ. ನಾವೆಲ್ಲ ಮುಂಬಾಗಿಲಿಗೆ ಚೆನ್ನಾಗಿರೋದು ಹಾಕ್ತೀವಿ, ಹಿತ್ತಲಿಗೆ ಹಾಕೋದೇ ಇಲ್ಲ. ನೆಂಟರು ಮುಂದಿಂದ ಬರ್ತಾರೆ, ಕಳ್ಳ ಹಿಂದಿಂದ ಬರ್ತಾನೆ.

ನಾಲ್ಕನೇದು ಆ ಹಳೇ ಸಜ್ಜಾದ್ದೇ. ಅದನ್ನ ಹನ್ನೆರಡು ಅಡಿಗೆ ಇಳಿಸಿ ಕಣ ಪೂರ್ತಿ ಕಾಣೋ ಹಾಗೆ ಬಿಟ್ಟಿದ್ದೀನಿ.

ದಿಕ್ಕು ನೋಡ್ರಿ. ನೇರ ಪೂರ್ವಕ್ಕೆ ಇಟ್ರೆ ಬೆಳಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಪಶ್ಚಿಮಕ್ಕೆ ಇಟ್ರೆ ಸಂಜೆ. ಸಾಧ್ಯ ಆದ್ರೆ ಉತ್ತರ, ದಕ್ಷಿಣ. ಆಗದಿದ್ರೆ ಸ್ವಲ್ಪ ನೆಲದ ಕಡೆ ಬಗ್ಗಿಸಿ, ಮೇಲೊಂದು ತಗಡಿನ ಮರೆ ಮಾಡ್ರಿ.

ಅಡಿಕೆ ಬೇಯಿಸೋ ಒಲೆ ಗಾಳಿಗೆ ಯಾವ ಕಡೆ ಹೊಗೆ ಬಿಡುತ್ತೆ ಅಂತ ನೋಡಿ ಇಡ್ರಿ. ನಮ್ಮಲ್ಲಿ ಒಂದು ಕ್ಯಾಮೆರಾ ಹೊಗೆ, ಹಬೆಗೆ ಒಂದೇ ತಿಂಗಳಲ್ಲಿ ಮಂಜು ಮಂಜಾಯ್ತು. ಸುಗ್ಗೀಲಿ ವಾರಕ್ಕೊಂದ್ಸಲ ಮೆತ್ತನೆ ಬಟ್ಟೇಲಿ ಒರೆಸಬೇಕು. ಎತ್ತರ ಕಮ್ಮಿ ಇದ್ರೆ ಇದೂ ಒಂದು ಅನುಕೂಲ. ಸ್ಟೂಲ್ ಹಾಕಿ ಒರೆಸಬಹುದು, ಏಣಿ ಹುಡುಕೋದು ಬೇಡ.

ರಾತ್ರಿಯ ಮಾತು

ಹಗಲಲ್ಲಿ ಕ್ಯಾಮೆರಾ ಕೂಡ್ರಿಸಿ ಹಗಲಲ್ಲೇ ನೋಡಿ ದುಡ್ಡು ಕೊಟ್ಟು ಕಳಿಸ್ತೀವಿ. ಕಳ್ಳ ಬರೋದು ರಾತ್ರಿ.

ಕತ್ತಲಲ್ಲಿ ಕ್ಯಾಮೆರಾ ತನ್ನದೇ ಒಂದು ಬೆಳಕು ಬಿಡುತ್ತೆ, ನಮ್ಮ ಕಣ್ಣಿಗೆ ಅದು ಕಾಣಲ್ಲ. ಕ್ಯಾಮೆರಾ ಪಕ್ಕದಲ್ಲೇ ಸುಣ್ಣ ಬಳಿದ ಗೋಡೆ, ಸಜ್ಜಾದ ಅಂಚು, ಪೈಪು ಇದ್ರೆ ಆ ಬೆಳಕು ಅದಕ್ಕೇ ಬಡಿದು ವಾಪಸ್ ಬರುತ್ತೆ. ಹತ್ರದ್ದು ಬೆಳ್ಳಗೆ, ದೂರದ್ದು ಕರ್ರಗೆ ಆಗುತ್ತೆ. ಕಿಟಕಿ ಗಾಜಿನ ಒಳಗಿಂದ ಹೊರಗೆ ತಿರುಗಿಸಿಟ್ರೂ ಇದೇ ಗತಿ. ಕ್ಯಾಮೆರಾ ಹತ್ರ ಹುಳ ಬರ್ತವೆ, ಹುಳ ಹಿಡಿಯೋಕೆ ಜೇಡ ಬಲೆ ಕಟ್ಟುತ್ತೆ. ಒಂದು ಎಳೆ ಸಾಕು, ರಾತ್ರಿ ಚಿತ್ರದ ಅಡ್ಡಕ್ಕೆ ಹಗ್ಗ ಕಟ್ಟಿದಂಗೆ ಕಾಣುತ್ತೆ.

ಅದಕ್ಕೆ ನನ್ನ ಅಭಿಪ್ರಾಯ, ಕ್ಯಾಮೆರಾಕ್ಕೆ ಹಾಕೋ ದುಡ್ಡಲ್ಲಿ ಸ್ವಲ್ಪ ಉಳಿಸಿ ಎರಡು ಬಲ್ಬ್ ಹಾಕ್ರಿ. ಮನುಷ್ಯ ಓಡಾಡಿದ್ರೆ ತಾನೇ ಹತ್ತೋ ಸೆನ್ಸರ್ ಲೈಟ್ ಬರ್ತವೆ. ಬಲ್ಬ್ ಕ್ಯಾಮೆರಾ ಇರೋ ಕಡೆಯಿಂದಲೇ ಬೆಳಕು ಬಿಡಬೇಕು. ಬಂದವನ ಬೆನ್ನ ಹಿಂದೆ ಬಲ್ಬ್ ಇದ್ರೆ ಅವನ ನೆರಳಷ್ಟೇ ಸಿಗುತ್ತೆ. ಬೆಳಕು ಹತ್ತಿದ ತಕ್ಷಣ ಎಷ್ಟೋ ಸಲ ಅವನು ತಲೆ ಎತ್ತಿ ನೋಡ್ತಾನೆ. ನಮಗೆ ಬೇಕಿರೋದೂ ಅದೇ.

ಕೂಡ್ರಿಸೋಕೆ ಬಂದವರಿಗೆ ದುಡ್ಡು ಕೊಡೋ ಮೊದ್ಲು ಒಂದು ರಾತ್ರಿ ಪರೀಕ್ಷೆ ಮಾಡ್ರಿ. ನಾನು ಮಾಡಿದ್ದು ಹೇಳ್ತೀನಿ, ನಗಬೇಡ್ರಿ. ನಾನೂ ನನ್ನ ತಮ್ಮನೂ ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ, ತಲೆಗೆ ಟವೆಲ್ ಸುತ್ತಿ, ಒಂದೊಂದು ಚೀಲ ಹೊಟ್ಟು ಹೊತ್ಕೊಂಡು ಕಣದಲ್ಲಿ ಓಡಾಡಿದ್ವಿ. ಆಮೇಲೆ ಹಳೇ ಜಾಗದ ಕ್ಯಾಮೆರಾದ ವಿಡಿಯೋ ನಮ್ಮನೆಯವಳಿಗೆ ತೋರಿಸಿ "ಇದ್ರಲ್ಲಿ ನಾನ್ಯಾರು" ಅಂದೆ. ಅವಳು ಖಂಡಿತ ಅನ್ನೋ ಥರ ತಮ್ಮನ್ನ ತೋರಿಸಿದ್ಲು. ಮೂವತ್ತು ವರ್ಷ ಸಂಸಾರ ಮಾಡಿದೋಳು. ತಮ್ಮ ಬಿದ್ದು ಬಿದ್ದು ನಕ್ಕ. ನಂಗೆ ನಗು ಬರ್ಲಿಲ್ಲ. ಇಂಥಾ ಚಿತ್ರ ಇಟ್ಕೊಂಡು ನಾನು ಒಬ್ಬನ ಮಾನ ತೆಗೆದಿದ್ದೆ.

ಗೇಟಿನ ಹೊಸ ಜಾಗದ್ದು ತೋರಿಸಿದಾಗ ಒಂದೇ ನೋಟಕ್ಕೆ ಹೇಳಿದ್ಲು, ನನ್ನ ಕೆನ್ನೆ ಮೇಲಿನ ಮಚ್ಚೆ ಸಮೇತ. ಈ ಪರೀಕ್ಷೆ ಪಾಸಾಗೋವರೆಗೂ ಏಣಿ ಇಳಿಸೋಕೆ ಬಿಡಬೇಡ್ರಿ.

ರೆಕಾರ್ಡ್ ಆಗೋ ಪೆಟ್ಟಿಗೆ

ಡಿವಿಆರ್ ಪೆಟ್ಟಿಗೇನ ಎಲ್ರೂ ಟಿವಿ ಪಕ್ಕ ಇಡ್ತಾರೆ. ಮನೆ ಒಳಗೆ ನುಗ್ಗಿದವನು ಅದನ್ನೂ ಬಗಲಲ್ಲಿ ಇಟ್ಕೊಂಡು ಹೋದ್ರೆ ಎಲ್ಲಾ ಮುಗೀತು. ಬೀರು ಒಳಗೂ ಬೇಡ. ಕಳ್ಳ ಮೊದ್ಲು ತೆಗೆಯೋದೇ ಬೀರು, ಮತ್ತೆ ಅಲ್ಲಿ ಗಾಳಿ ಆಡಲ್ಲ, ಪೆಟ್ಟಿಗೆ ಕಾಯುತ್ತೆ. ಅಟ್ಟದ ಮೇಲೋ, ಯಾರೂ ಕೈ ಹಾಕದ ಮೂಲೇಲೋ ಗಾಳಿ ಆಡೋ ಹಾಗೆ ಇಡ್ರಿ. ಟಿವಿ ಪಕ್ಕ ಒಂದು ಹಳೇ ಕೆಟ್ಟಿರೋ ಪೆಟ್ಟಿಗೆ ಇದ್ರೆ ಇರಲಿ, ಬೇಕಾದ್ರೆ ಅದನ್ನ ಒಯ್ಯಲಿ.

ಕರೆಂಟು ಹೋದಾಗ ಪೆಟ್ಟಿಗೆ, ಕ್ಯಾಮೆರಾ, ವೈಫೈ ಮೂರೂ ಇನ್ವರ್ಟರಿನಿಂದ ನಡೀಬೇಕು. ಪೆಟ್ಟಿಗೆ, ಕ್ಯಾಮೆರಾ ಎರಡರಲ್ಲಿ ಒಂದನ್ನ ಬಿಟ್ರೂ ಉಪಯೋಗ ಇಲ್ಲ. ಗುಡುಗು ಮಿಂಚಿನ ಕಾಲದಲ್ಲಿ ಉದ್ದ ಎಳೆದ ವೈರಿನಿಂದ ಪೆಟ್ಟಿಗೆ ಸುಟ್ಟು ಹೋಗೋದೂ ಉಂಟು, ಅರ್ಥಿಂಗ್ ಸರಿಯಾಗಿ ಮಾಡಿಸ್ರಿ.

ಎಷ್ಟು ದಿನದ್ದು ಉಳಿಯುತ್ತೆ ಅಂತ ಕೇಳಿ ತಿಳ್ಕೊಳ್ರಿ. ಎರಡು ಮೆಗಾಪಿಕ್ಸೆಲ್ಲಿನ ನಾಲ್ಕು ಕ್ಯಾಮೆರಾ ಹಗಲೂ ರಾತ್ರಿ ಓಡಿದ್ರೆ ಒಂದು ಟಿಬಿ ಡಿಸ್ಕಲ್ಲಿ ಸುಮಾರು ಹತ್ತು ದಿನದ್ದು ಇರುತ್ತೆ, ಆಮೇಲೆ ಹಳೇದರ ಮೇಲೇ ಹೊಸದು ಬರೆಯುತ್ತೆ. ಕಳ್ಳತನ ಆದ ದಿನಾನೇ ಪೆನ್‌ಡ್ರೈವಿಗೆ ತೆಗೆದಿಡ್ರಿ.

ಗಡಿಯಾರ ಸರಿ ಇಡ್ರಿ. ನಮ್ಮ ಪೆಟ್ಟಿಗೆ ಟೈಮು ಮುಕ್ಕಾಲು ಗಂಟೆ ಹಿಂದಿತ್ತು. ಪೊಲೀಸರು ರಸ್ತೆ ಮೇಲಿನ ಪೆಟ್ರೋಲ್ ಬಂಕಿನ ಕ್ಯಾಮೆರಾ ನೋಡಿದಾಗ ನಾವು ಹೇಳಿದ ಟೈಮಿಗೆ ಯಾವ ಗಾಡೀನೂ ಸಿಗ್ಲಿಲ್ಲ. ಮುಕ್ಕಾಲು ಗಂಟೆ ಮುಂದೆ ನೋಡಿದ್ರೆ ಅವತ್ತೇ ಸಿಗ್ತಿತ್ತೋ ಏನೋ. ಸಿಕ್ಕಿದ್ರೆ ನಾನು ಆ ಎರಡು ತಿಂಗಳು ಅವನ ಮೇಲೆ ಅನುಮಾನ ಇಟ್ಕೊಳ್ತಿರಲಿಲ್ಲ.

ಇನ್ನೊಂದು. ಕೋರ್ಟಿಗೆ ಬರೀ ವಿಡಿಯೋ ಕೊಟ್ರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಹಿಂದೆ ಇದನ್ನೇ 65ಬಿ ಅಂತಿದ್ರು. ಹಾಗಾಗಿ ಮೂಲ ಪೆಟ್ಟಿಗೇನ ಕೆದಕದೆ ಹಾಗೇ ಉಳಿಸಿಡ್ರಿ. ಮತ್ತೆ ಹುಡುಗ್ರು ಕೂಡ್ರಿಸುವಾಗ ಹಾಕಿದ ಪಾಸ್‌ವರ್ಡನ್ನ ಅವತ್ತೇ ಬದಲಾಯಿಸ್ರಿ. ಇಲ್ಲಾಂದ್ರೆ ನಿಮ್ಮನೆ ಅಂಗಳ ಇನ್ಯಾರಿಗೋ ಟಿವಿ.

ತೋಟದ ಕ್ಯಾಮೆರಾ

ಪಂಪ್‌ಸೆಟ್ ಕೇಬಲ್ ಕದಿಯೋದು ನಿಂತಿಲ್ಲ. ತೋಟದಲ್ಲಿ ನಮಗೆ ಹಗಲಿರುಳು ಕರೆಂಟಿಲ್ಲ, ತ್ರೀ ಫೇಸ್ ಬಂದಾಗ ಅಷ್ಟೇ. ಹಾಗಾಗಿ ಸೋಲಾರು, ಸಿಮ್ ಇರೋ ಕ್ಯಾಮೆರಾನೇ ಗತಿ. ಅದಕ್ಕೆ ನಾಲ್ಕು ಮಾತು.

ಅಡಿಕೆ ನೆರಳಲ್ಲಿ ಸೋಲಾರ್ ಪ್ಲೇಟ್ ಕೆಲ್ಸ ಮಾಡಲ್ಲ. ಬದುವಿನಲ್ಲಿ, ಬಯಲಿನ ಕಡೆ ಕಂಬ ನೆಟ್ಟು ಪ್ಲೇಟನ್ನ ದಕ್ಷಿಣಕ್ಕೆ ಸ್ವಲ್ಪ ಓರೆ ಮಾಡಿ ಕೂಡ್ರಿಸ್ರಿ.

ಅಡಿಕೆ ಮರಕ್ಕೆ ಕ್ಯಾಮೆರಾ ಹೊಡೀಬೇಡ್ರಿ. ಮೊಳೆ ಹೊಡೆದ ಗಾಯ ಮರಕ್ಕೆ ಒಳ್ಳೇದಲ್ಲ. ಮತ್ತೆ ಗಾಳಿಗೆ ಮರ ತೂಗಿದ್ರೆ ಚಿತ್ರಾನೂ ತೂಗುತ್ತೆ, ರಾತ್ರಿಯಿಡೀ ಫೋನು ಟಿಂಗ್ ಟಿಂಗ್ ಅನ್ನುತ್ತೆ. ನಾಲ್ಕು ದಿನ ಎದ್ದು ನೋಡ್ತೀವಿ, ಐದನೇ ದಿನ ಸೌಂಡ್ ಆಫ್ ಮಾಡಿ ಮಲಗ್ತೀವಿ. ಕಬ್ಬಿಣದ ಪೈಪ್ ನೆಟ್ಟು ಬುಡಕ್ಕೆ ಕಾಂಕ್ರೀಟ್ ಹಾಕ್ರಿ. ಎದುರಿಗೆ ಅಲ್ಲಾಡೋ ಬಾಳೆ ಎಲೆ ಇರಬಾರದು.

ಬ್ಯಾಟರಿ ಕ್ಯಾಮೆರಾದ ಸೆನ್ಸರ್ ಮನುಷ್ಯ ಅಡ್ಡ ಹಾದಾಗ ಬೇಗ ಎಚ್ಚರ ಆಗುತ್ತೆ. ನೇರ ಅದರ ಕಡೆಗೇ ನಡೆದು ಬಂದ್ರೆ ತಡ ಮಾಡುತ್ತೆ. ದಾರಿಗೆ ಓರೆಯಾಗಿ ಇಡ್ರಿ.

ಕಂಬ ನೆಡೋ ಮೊದ್ಲು ಆ ಜಾಗದಲ್ಲೇ ಆ ಸಿಮ್ಮನ್ನ ಮೊಬೈಲಿಗೆ ಹಾಕಿ ಒಂದು ವಿಡಿಯೋ ಕಾಲ್ ಮಾಡಿ ನೋಡ್ರಿ. ಮನೇಲಿ ಸಿಗ್ನಲ್ ಇದ್ರೆ ತೋಟದಲ್ಲೂ ಇರುತ್ತೆ ಅಂತ ಇಲ್ಲ.

ಎಲ್ಲಿ ಹಾಕಬಾರದು

ಇದನ್ನ ಯಾರೂ ಹೇಳಲ್ಲ. ಪಕ್ಕದ ಮನೆ ಬಚ್ಚಲು, ಬಟ್ಟೆ ಒಗೆಯೋ ಕಲ್ಲು, ಬೀದಿ ನಲ್ಲಿ, ಅವರ ಹಿತ್ತಲು ನಿಮ್ಮ ಚಿತ್ರದಲ್ಲಿ ಬರಬಾರದು. ಮೊದಲನೇದು ಅದು ಮರ್ಯಾದೆ ಅಲ್ಲ. ಎರಡನೇದು ಹೆಣ್ಮಕ್ಕಳ ಖಾಸಗಿ ಹೊತ್ತಿನ ಚಿತ್ರ ತೆಗೆಯೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಎಷ್ಟೋ ಪೆಟ್ಟಿಗೇಲಿ ಚಿತ್ರದ ಒಂದು ಭಾಗ ಮುಚ್ಚೋ ಸೌಲಭ್ಯ ಇರುತ್ತೆ, ಕೇಳಿ ಮಾಡಿಸ್ರಿ.

ನಮ್ಮಲ್ಲಿ ಅಡಿಕೆ ಸುಲಿಯೋಕೆ ಬರೋ ಹೆಣ್ಮಕ್ಕಳಲ್ಲಿ ಹಿರಿಯವಳೊಬ್ಬಳು ಒಂದಿನ "ಅಣ್ಣಾ, ಅದು ಇಡೀ ರಾತ್ರಿ ನಮ್ಮನ್ನೇ ನೋಡ್ತಿರುತ್ತಲ್ಲ" ಅಂದ್ಲು. ಬೆಂಗಳೂರಲ್ಲಿ ಕೂತ ಮಗ ಮೊಬೈಲಲ್ಲಿ ನೋಡಬಹುದು ಅನ್ನೋದು ಅವರಿಗೆ ಗೊತ್ತು. ಸೆರಗು ಸರಿ ಮಾಡ್ಕೊಳ್ಳೋಕೂ ಮುಜುಗರ. ಅವತ್ತೇ ಆ ಕ್ಯಾಮೆರಾನ ದಾರಿ ಕಡೆ ತಿರುಗಿಸಿದೆ. ನಮ್ಮ ಮಾಲು ಕಾಯೋಕೆ ಹಾಕಿದ್ದು ನಮ್ಮ ಜೊತೆ ದುಡಿಯೋರನ್ನ ಕಾಯೋಕೆ ಅಲ್ಲ. "ಕೆಲ್ಸದವರ ಮೇಲೂ ಒಂದು ಕಣ್ಣಿರುತ್ತೆ" ಅಂತ ಕೆಲವರು ಹೆಮ್ಮೆಯಿಂದ ಹೇಳ್ತಾರೆ. ನಂಗೆ ಅದು ಸರಿ ಕಾಣಲ್ಲ. ಹಂಗೆ ನೋಡೋಕೆ ಶುರು ಮಾಡಿದ್ರೆ ಎಲ್ರೂ ಕಳ್ಳರ ಥರ ಕಾಣ್ತಾರೆ. ನಂಗೆ ಕಂಡಿತ್ತಲ್ಲ.

ಕೊನೇ ಮಾತು

ನಮ್ಮ ಭಾವ ಒಬ್ರು "ಇಷ್ಟೆಲ್ಲ ಯಾಕೆ, ಎರಡು ನಾಯಿ ಸಾಕು" ಅಂತಾರೆ. ಅವರ ಮಾತಲ್ಲೂ ಸತ್ಯ ಐತೆ. ಕ್ಯಾಮೆರಾ ಬೊಗಳಲ್ಲ, ಕಚ್ಚಲ್ಲ. ಅದು ಸಾಕ್ಷಿ ಹೇಳುತ್ತೆ, ಅಷ್ಟೇ. ಬೀಗ ಗಟ್ಟಿ ಇರಬೇಕು, ಚೀಲದ ಮೇಲೆ ನಮ್ಮ ಗುರುತು ಇರಬೇಕು, ರಾತ್ರಿ ಅನುಮಾನದ ಗಾಡಿ ಕಂಡ್ರೆ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಫೋನ್ ಮಾಡಬೇಕು, 112ಕ್ಕೆ ಮಾಡಬೇಕು. ಇಷ್ಟಿದ್ದ ಮೇಲೆ ಕ್ಯಾಮೆರಾ.

ಆದ್ರೆ ಆ ಸಾಕ್ಷಿ ಸರಿಯಾಗಿ ಕಾಣೋ ಜಾಗದಲ್ಲಿ ನಿಂತಿರಬೇಕು. ಹುಣಸೇಮರದ ತುದೀಲಿ ಕೂತು "ಯಾರೋ ಹೋದಂಗಾಯ್ತು" ಅನ್ನೋ ಸಾಕ್ಷಿ ಮಾತು ಕೇಳಿ ಪಂಚಾಯ್ತಿ ಮಾಡಬಾರದು. ನಾನು ಮಾಡಿದೆ.

ಹಾಗಾಗಿ ಈ ಸುಗ್ಗಿಗೆ ಹೊಸದು ಹಾಕಿಸೋರೂ, ಆಗಲೇ ಹಾಕಿಸಿರೋರೂ ಇವತ್ತು ರಾತ್ರಿ ಒಂದು ಕೆಲ್ಸ ಮಾಡ್ರಿ. ಟವೆಲ್ ಸುತ್ಕೊಂಡು ನಿಮ್ಮ ಕ್ಯಾಮೆರಾ ಮುಂದೆ ನಡೆದು, ಮನೆಯವರಿಗೆ ತೋರಿಸಿ ಯಾರು ಅಂತ ಕೇಳ್ರಿ. ತಪ್ಪು ಹೇಳಿದ್ರೆ ನಾಳೆ ಬೆಳಗ್ಗೆ ಏಣಿ ತನ್ನಿ. ಮತ್ತೆ ಮುಖ ಸ್ಪಷ್ಟ ಕಾಣದ ವಿಡಿಯೋನ ಯಾರಿಗೂ ತೋರಿಸಬೇಡ್ರಿ, ಯಾವ ಗ್ರೂಪಿಗೂ ಹಾಕಬೇಡ್ರಿ. ಪೊಲೀಸರಿಗೆ ಕೊಟ್ಟು ಸುಮ್ನಿರ್ರಿ.

ಗೇಟಿನ ಕ್ಯಾಮೆರಾ ಕೂಡ್ರಿಸೋಕೆ ಎಲೆಕ್ಟ್ರಿಷಿಯನ್ ಬಂದ ದಿನ ಆ ನಮ್ಮ ಹಳೇ ಕೆಲಸದವನು ರಸ್ತೇಲಿ ಹೋಗ್ತಿದ್ದ. ಒಂದು ಗಳಿಗೆ ನಿಂತು ನೋಡಿದ. "ಈಗ ಸರಿ ಐತೆ ಯಜಮಾನ್ರೆ" ಅಂದು ಹೋದ. ಈ ಸಲ ಕೊಯ್ಲಿಗೆ ಕರೆಯೋಕೆ ಅವನ ಮನೆಗೆ ಇನ್ನೊಂದ್ಸಲ ಹೋಗ್ಬೇಕು ಅಂದ್ಕೊಂಡಿದ್ದೀನಿ. ಬರ್ತಾನೋ ಇಲ್ವೋ ಅವನಿಗೆ ಬಿಟ್ಟಿದ್ದು.